ಲಿಹಿರ್ ದ್ವೀಪದ ಬಿಸಿ ಉಪ್ಪುನೀರು: ನೆಲದೊಳಗೆ ಸಾಗುವ ಚಿನ್ನವನ್ನು ಅಳೆದ ಪ್ರಕರಣ

ಪಪುವಾ ನ್ಯೂಗಿನಿಯ ನ್ಯೂ ಐರ್ಲೆಂಡ್ ಪ್ರಾಂತ್ಯದಲ್ಲಿ ಲಿಹಿರ್ ಎಂಬ ಸಣ್ಣ ದ್ವೀಪವಿದೆ. ಅದರ ಪೂರ್ವ ದಡದಲ್ಲಿ ಲೂಯಿಸ್ ಎಂಬ ಜ್ವಾಲಾಮುಖಿಯ ಕುಳಿ ಇದೆ. ಕುಳಿಯ ಒಂದು ಬದಿ ಪೂರ್ತಿ ಕುಸಿದುಹೋಗಿದ್ದು, ಸಮುದ್ರ ಅದರೊಳಕ್ಕೆ ಬಂದು ನಿಂತಿದೆ. ಆ ಕುಳಿಯಲ್ಲಿರುವ ಲಡೊಲಾಮ್ ನಿಕ್ಷೇಪ ಜಗತ್ತಿನ ಅತಿ ದೊಡ್ಡ ಚಿನ್ನದ ನಿಕ್ಷೇಪಗಳಲ್ಲಿ ಒಂದು. ಅದರಲ್ಲಿರುವ ಚಿನ್ನ ಸುಮಾರು 1,300 ಟನ್. ನಮ್ಮ ಕೋಲಾರದ ಗಣಿಗಳು ನೂರಿಪ್ಪತ್ತು ವರ್ಷ ದುಡಿದು ಕೊಟ್ಟದ್ದು ಹತ್ತಿರ ಹತ್ತಿರ 800 ಟನ್. ಎರಡಕ್ಕೂ ವಯಸ್ಸಿನಲ್ಲಿ ಮಾತ್ರ ಅಜಗಜಾಂತರ. ಕೋಲಾರದ ಚಿನ್ನ ಸುಮಾರು 250 ಕೋಟಿ ವರ್ಷ ಹಳೆಯದು. ಲಿಹಿರ್‌ನದು ಹತ್ತು ಲಕ್ಷ ವರ್ಷವೂ ಆಗದ ಎಳೆಯ ನಿಕ್ಷೇಪ.

ಎಷ್ಟು ಎಳೆಯದೆಂದರೆ ಅದನ್ನು ಹುಟ್ಟಿಸಿದ ಶಾಖ ಇನ್ನೂ ಆರಿಲ್ಲ. ಅದಿರು ಅಗೆಯುವ ತೆರೆದ ಗಣಿಯ ಗೋಡೆಗಳಲ್ಲಿ ಆವಿ ಏಳುತ್ತದೆ. ಕೆಲವು ಕಡೆ ಬಂಡೆ ಎಷ್ಟು ಬಿಸಿ ಎಂದರೆ ಅಲ್ಲಿ ಸಾಮಾನ್ಯ ಸಿಡಿಮದ್ದು ತುಂಬುವುದೇ ಅಪಾಯ, ಶಾಖ ತಡೆಯುವ ಮದ್ದು ಬೇಕು. ಗಣಿಯ ತಳ ಸಮುದ್ರ ಮಟ್ಟಕ್ಕಿಂತ ಎಷ್ಟೋ ಕೆಳಗಿದೆ. ಅದರ ಅಡಿಯಲ್ಲಿ ಬಿಸಿ ಉಪ್ಪುನೀರು ಇಂದಿಗೂ ಮೇಲಕ್ಕೆ ಬರುತ್ತಿದೆ.

ನಾನು ಈ ಪ್ರಕರಣವನ್ನು ಆರಿಸಿಕೊಂಡದ್ದು ಇದೇ ಕಾರಣಕ್ಕೆ. ಚಿನ್ನ ಬಿಸಿ ನೀರಿನಲ್ಲಿ ಕರಗಿ ಬಿರುಕುಗಳ ಮೂಲಕ ಮೇಲೆ ಬಂದು ಕೂರುತ್ತದೆ ಎಂದು ಪಾಠಗಳಲ್ಲಿ ಓದುತ್ತೇವೆ. ಆದರೆ ಹೆಚ್ಚಿನ ನಿಕ್ಷೇಪಗಳಲ್ಲಿ ಆ ನೀರು ಹೋಗಿ ಕೋಟಿ ಕೋಟಿ ವರ್ಷಗಳಾಗಿವೆ. ಉಳಿದಿರುವುದು ಬರೀ ಕಲ್ಲು. ಲಿಹಿರ್‌ನಲ್ಲಿ ನೀರೂ ಇದೆ, ಅದಿರೂ ಇದೆ, ಒಂದರ ಮೇಲೊಂದು. ಹಾಗಾದರೆ ಆ ನೀರಿನಲ್ಲಿ ಚಿನ್ನ ನಿಜಕ್ಕೂ ಎಷ್ಟಿದೆ ಎಂದು ಅಳೆಯಬಹುದು, ಅಲ್ವಾ?

ಅಳೆಯುವುದು ಸುಲಭದ ಕೆಲಸವಾಗಿರಲಿಲ್ಲ. ಯಾಕೆ ಅನ್ನುವುದರಲ್ಲಿಯೇ ಅರ್ಧ ವಿಷಯ ಅಡಗಿದೆ.

ಉಪ್ಪು ಇದ್ದರೆ ಸಾಲದು

ಚಿನ್ನ ಸುಲಭಕ್ಕೆ ಕರಗುವ ಲೋಹವಲ್ಲ. ಬರೀ ನೀರಿಗೆ ಅದು ಬಗ್ಗುವುದಿಲ್ಲ. ಅದನ್ನು ಕರಗಿಸಿ ಹಿಡಿದಿಟ್ಟುಕೊಳ್ಳಲು ನೀರಿನಲ್ಲಿ ಇನ್ನೊಂದು ಜೊತೆಗಾರ ಅಯಾನು ಇರಬೇಕು. ಕೆಜಿಎಫ್‌ನ ಸೈನೈಡ್ ದಿಬ್ಬಗಳನ್ನು ನೋಡಿದವರಿಗೆ ಅಂಥ ಒಂದು ಜೊತೆಗಾರ ಗೊತ್ತು. ಪುಡಿ ಮಾಡಿದ ಅದಿರಿಗೆ ಸೈನೈಡ್ ನೀರು ಸೇರಿಸಿದರೆ ಚಿನ್ನ ಅದರ ಜೊತೆ ಕೂಡಿಕೊಂಡು ನೀರಿಗೆ ಇಳಿಯುತ್ತದೆ. ಚಿನ್ನ ಶುದ್ಧ ಮಾಡುವವರು ಬಳಸುವ ಆಕ್ವಾ ರೀಜಿಯಾದಲ್ಲಿ ಆ ಕೆಲಸ ಮಾಡುವುದು ಕ್ಲೋರೈಡ್. ನೈಟ್ರಿಕ್ ಆಮ್ಲ ಚಿನ್ನದಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ, ಹೈಡ್ರೋಕ್ಲೋರಿಕ್ ಆಮ್ಲದ ಕ್ಲೋರೈಡ್ ಆ ಚಿನ್ನವನ್ನು ಹಿಡಿದುಕೊಳ್ಳುತ್ತದೆ.

ಭೂಮಿಯೊಳಗೆ ಮುಖ್ಯವಾಗಿ ಇಬ್ಬರು ಜೊತೆಗಾರರಿದ್ದಾರೆ. ಒಂದು ಕ್ಲೋರೈಡ್, ಅಂದರೆ ಉಪ್ಪಿನ ಭಾಗ. ಇನ್ನೊಂದು ಬೈಸಲ್ಫೈಡ್, ಅಂದರೆ ಕೊಳೆತ ಮೊಟ್ಟೆಯ ವಾಸನೆ ಬರುವ ಹೈಡ್ರೋಜನ್ ಸಲ್ಫೈಡ್ ನೀರಿನಲ್ಲಿ ಕರಗಿದಾಗ ಸಿಗುವ ಗಂಧಕದ ಅಯಾನು. ಯಾರು ಎಲ್ಲಿ ಕೆಲಸ ಮಾಡುತ್ತಾರೆ ಎನ್ನುವುದು ಶಾಖ ಮತ್ತು ಆಮ್ಲೀಯತೆಯ ಮೇಲೆ ನಿಂತಿದೆ. ಸುಮಾರು 400 ಡಿಗ್ರಿಗಿಂತ ಮೇಲೆ, ನೀರು ತುಂಬಾ ಉಪ್ಪಾಗಿದ್ದು ಆಮ್ಲೀಯವೂ ಆಗಿದ್ದರೆ ಕ್ಲೋರೈಡ್ ಚಿನ್ನವನ್ನು ಚೆನ್ನಾಗಿ ಹೊರುತ್ತದೆ. ಇಂಡೋನೇಷ್ಯಾದ ಗ್ರಾಸ್‌ಬರ್ಗ್ ಮತ್ತು ಅರ್ಜೆಂಟೀನಾದ ಬಾಹೊ ದೆ ಲಾ ಅಲುಂಬ್ರೆರಾ ಗಣಿಗಳ ಬೆಣಚುಕಲ್ಲಿನಲ್ಲಿ ಸಿಕ್ಕಿಕೊಂಡ ಅಂಥ ಉಪ್ಪುನೀರಿನ ಹನಿಗಳನ್ನು ಲೇಸರ್‌ನಿಂದ ಒಡೆದು ನೋಡಿದಾಗ ಪಿಪಿಎಂ ಮಟ್ಟದಲ್ಲಿ, ಅಂದರೆ ಹತ್ತು ಲಕ್ಷ ಪಾಲಿನ ಲೆಕ್ಕದಲ್ಲಿ, ಚಿನ್ನ ಕಂಡಿತು. 1999ರಲ್ಲಿ ಪ್ರಕಟವಾದ ಫಲಿತಾಂಶ ಅದು.

ಶಾಖ 300 ಡಿಗ್ರಿಯ ಆಸುಪಾಸಿಗೆ ಇಳಿದು, ನೀರಿನ ಆಮ್ಲೀಯತೆಯೂ ಕಡಿಮೆಯಾದರೆ ಕ್ಲೋರೈಡ್‌ನ ಹಿಡಿತ ಸಡಿಲವಾಗುತ್ತದೆ. ಅಲ್ಲಿ ಗಂಧಕದ್ದೇ ಕಾರುಬಾರು. 1973ರಲ್ಲಿ ಟೆರಿ ಸೀವರ್ಡ್ ಇದನ್ನು ಪ್ರಯೋಗಾಲಯದಲ್ಲಿ ತೋರಿಸಿದರು. 160ರಿಂದ 300 ಡಿಗ್ರಿ ಶಾಖ, 1,000 ಬಾರ್ ಒತ್ತಡದಲ್ಲಿ ಗಂಧಕದ ದ್ರಾವಣಕ್ಕೆ ಚಿನ್ನ ಹಾಕಿ ಎಷ್ಟು ಕರಗುತ್ತದೆ ಎಂದು ಅಳೆದರು. ಒಂದು ಚಿನ್ನದ ಅಯಾನಿಗೆ ಎರಡು ಬೈಸಲ್ಫೈಡ್ ಅಂಟಿಕೊಂಡ ರೂಪ ಅಲ್ಲಿ ಪ್ರಧಾನವಾಗಿತ್ತು. 2015ರಲ್ಲಿ ಗ್ಲೆಬ್ ಪೊಕ್ರೊವ್‌ಸ್ಕಿ ತಂಡ ಮೂರು ಗಂಧಕದ ಪರಮಾಣುಗಳ ಇನ್ನೊಂದು ಅಯಾನನ್ನೂ ಈ ಪಟ್ಟಿಗೆ ಸೇರಿಸಿತು.

ಇದನ್ನು ಒತ್ತಿ ಹೇಳಲು ಕಾರಣವಿದೆ. 'ಬಿಸಿ ಉಪ್ಪುನೀರು ಚಿನ್ನವನ್ನು ತರುತ್ತದೆ' ಎಂದಾಗ ಉಪ್ಪೇ ಚಿನ್ನವನ್ನು ಕರಗಿಸಿತು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಿದ್ದರೆ ಸಮುದ್ರದ ನೀರಿನಲ್ಲಿ ಚಿನ್ನ ತುಂಬಿರಬೇಕಿತ್ತು. ಮೊದಲ ಮಹಾಯುದ್ಧದ ನಂತರ ಜರ್ಮನಿಯ ಸಾಲ ತೀರಿಸಲು ಫ್ರಿಟ್ಜ್ ಹೇಬರ್ ಸಮುದ್ರದ ನೀರಿನಿಂದ ಚಿನ್ನ ತೆಗೆಯಲು ಹೊರಟು, ಅದು ಎಣಿಸಿದ್ದಕ್ಕಿಂತ ತೀರಾ ಕಡಿಮೆ ಇದೆ ಎಂದು ಕಂಡು ಕೈಬಿಟ್ಟರು. ತಣ್ಣಗಿನ ಉಪ್ಪುನೀರಿಗೆ ಆ ಶಕ್ತಿ ಇಲ್ಲ. ಲಿಹಿರ್‌ನಲ್ಲಿ ಉಪ್ಪು ಮುಖ್ಯವಾಗುವುದು ಬೇರೆ ರೀತಿ. ಈ ನೀರು ಎಲ್ಲಿಂದ ಬಂತು ಎನ್ನುವುದಕ್ಕೆ ಅದು ಸುಳಿವು. ಪಕ್ಕದಲ್ಲೇ ಸಮುದ್ರವಿದ್ದರೂ ಇದು ಸಮುದ್ರದ ನೀರು ಒಳಗೆ ಇಳಿದು ಬಿಸಿಯಾಗಿ ಬಂದದ್ದಲ್ಲ. ಕೆಳಗೆ ತಣಿಯುತ್ತಿರುವ ಶಿಲಾಪಾಕ ಬಿಟ್ಟುಕೊಟ್ಟ ನೀರು. ಕ್ಲೋರಿನ್, ಗಂಧಕ, ಚಿನ್ನ ಮೂರೂ ಅದರ ಜೊತೆ ಹೊರಟವು.

ಕೊಳವೆಯಲ್ಲಿ ಕಳೆದುಹೋಗುವ ಚಿನ್ನ

ಬಿಸಿನೀರಿನ ಚಿಲುಮೆಗಳಲ್ಲಿ ಚಿನ್ನವಿದೆ ಎಂಬುದು ಲಿಹಿರ್‌ಗೆ ಮೊದಲೇ ಗೊತ್ತಿತ್ತು. ನ್ಯೂಜಿಲೆಂಡ್‌ನ ವೈಯೊಟಾಪುವಿನಲ್ಲಿ ಷಾಂಪೇನ್ ಪೂಲ್ ಎಂಬ ಬಿಸಿನೀರಿನ ಕೊಳವಿದೆ. ಅದರ ಅಂಚಿನಲ್ಲಿ ಕಿತ್ತಳೆ ಬಣ್ಣದ ಗಸಿ ಕಟ್ಟಿಕೊಳ್ಳುತ್ತದೆ. ಆಂಟಿಮನಿ, ಆರ್ಸೆನಿಕ್ ಮತ್ತು ಗಂಧಕ ಕೂಡಿದ ಗಸಿ ಅದು. 1969ರಲ್ಲಿ ವೈಸ್‌ಬರ್ಗ್ ಅದನ್ನು ಪರೀಕ್ಷಿಸಿದಾಗ ಟನ್‌ಗೆ ಸುಮಾರು 80 ಗ್ರಾಂ ಲೆಕ್ಕದಲ್ಲಿ ಚಿನ್ನ ಸಿಕ್ಕಿತು. ಯಾವ ಗಣಿಯವರಾದರೂ ಕುಣಿದಾಡುವಂಥ ಪ್ರಮಾಣ. ಆದರೆ ಆ ಗಸಿಯನ್ನು ಬಿಟ್ಟುಹೋದ ನೀರಿನಲ್ಲಿ ಚಿನ್ನ ಇಲ್ಲವೆನ್ನುವಷ್ಟು ಕಡಿಮೆ.

ಭೂಶಾಖದ ವಿದ್ಯುತ್ತಿಗೆಂದು ಕೊರೆದ ಬಾವಿಗಳಲ್ಲೂ ಇದೇ ಕಥೆ. ಒಂದು ಕಿಲೋಮೀಟರ್ ಆಳದಲ್ಲಿ 275 ಡಿಗ್ರಿ ಇರುವ ನೀರು ಕುದಿಯದೆ ನೀರಾಗಿಯೇ ಉಳಿಯಬೇಕಾದರೆ ವಾತಾವರಣದ ಸುಮಾರು 60 ಪಟ್ಟು ಒತ್ತಡ ಬೇಕು. ಬಾವಿಯಲ್ಲಿ ಮೇಲೆ ಬರುತ್ತಾ ಒತ್ತಡ ಇಳಿಯುತ್ತದೆ. ಒಂದು ಹಂತದಲ್ಲಿ ನೀರು ಕುದಿಯಲು ಶುರುವಾಗುತ್ತದೆ. ಕುದಿದ ಕೂಡಲೇ ಅದರಲ್ಲಿ ಕರಗಿದ್ದ ಅನಿಲಗಳು ಆವಿಯ ಜೊತೆ ಹೊರಟುಹೋಗುತ್ತವೆ. ಹೈಡ್ರೋಜನ್ ಸಲ್ಫೈಡ್ ಕೂಡ ಹೋಗುತ್ತದೆ. ಚಿನ್ನದ ಜೊತೆಗಾರನೇ ಹೊರಟುಹೋದ ಮೇಲೆ ಚಿನ್ನ ನೀರಿನಲ್ಲಿ ನಿಲ್ಲುವುದು ಹೇಗೆ? ಅದು ಅಲ್ಲೇ, ಕೊಳವೆಯ ಒಳಗೋಡೆಗೆ ಕೂತುಬಿಡುತ್ತದೆ. ಮೇಲೆ ಪಾತ್ರೆ ಹಿಡಿದು ನಿಂತವರಿಗೆ ಸಿಗುವುದು ಚಿನ್ನ ಕಳೆದುಕೊಂಡ ನೀರು.

ಕೆವಿನ್ ಬ್ರೌನ್ ಇದನ್ನು 1986ರಲ್ಲಿ ನ್ಯೂಜಿಲೆಂಡ್‌ನ ಒಹಾಕಿ-ಬ್ರಾಡ್‌ಲ್ಯಾಂಡ್ಸ್ ಬಾವಿಗಳಲ್ಲಿ ಕಣ್ಣಾರೆ ತೋರಿಸಿದರು. ಬಾವಿಯ ಬಾಯಲ್ಲಿ ಹರಿವನ್ನು ತಡೆಹಿಡಿಯಲು ತೂತಿರುವ ಲೋಹದ ತಟ್ಟೆ ಹಾಕಿರುತ್ತಾರೆ. ನೀರು ಆ ತೂತು ದಾಟಿದ ಕೂಡಲೇ ಒತ್ತಡ ಒಮ್ಮೆಲೇ ಬೀಳುತ್ತದೆ. ಸರಿಯಾಗಿ ಆ ಜಾಗದಲ್ಲೇ ಚಿನ್ನ, ಬೆಳ್ಳಿ, ತಾಮ್ರ ಸೇರಿದ ಗಟ್ಟಿ ಪದರ ಕಟ್ಟಿತ್ತು. ಆಳದ ನೀರಿನಲ್ಲಿ ಚಿನ್ನ ಎಷ್ಟಿರಬೇಕೆಂದು ಅವರು ಹಿಂದಕ್ಕೆ ಲೆಕ್ಕ ಹಾಕಿದಾಗ ಬಂದದ್ದು ಸುಮಾರು 1.5 ಪಿಪಿಬಿ, ಅಂದರೆ ನೂರು ಕೋಟಿ ಪಾಲಿನಲ್ಲಿ ಒಂದೂವರೆ ಪಾಲು.

ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಬೆಲೆಯುಳ್ಳದ್ದು ಆ ತಟ್ಟೆ ಎನಿಸುತ್ತದೆ. ಕೊಳವೆಯಲ್ಲಿ ಪದರ ಕಟ್ಟುವುದು ಎಂಜಿನಿಯರ್‌ಗಳಿಗೆ ತಲೆನೋವು. ಆದರೆ ಬಂಡೆಯ ಬಿರುಕಿನಲ್ಲಿ ಅದಿರು ಹುಟ್ಟುವುದೂ ಇದೇ ಕ್ರಿಯೆಯಿಂದ. ನೋಡಲು ಲಕ್ಷಾಂತರ ವರ್ಷ ಕಾಯಬೇಕಿಲ್ಲ.

ಟೈಟಾನಿಯಂ ಪಾತ್ರೆ, 15 ಪಿಪಿಬಿ

ಲಿಹಿರ್ ಗಣಿಯಲ್ಲಿ ಚಿನ್ನ ತೆಗೆಯುವುದು ಶುರುವಾದದ್ದು 1997ರಲ್ಲಿ. ಬಿಸಿ ನೀರು, ಆವಿ ತುಂಬಿದ ಬಂಡೆಯನ್ನು ಸುಮ್ನೆ ಅಗೆಯುತ್ತಾ ಹೋಗುವಂತಿರಲಿಲ್ಲ. ಮೇಲಿನ ಭಾರ ತೆಗೆದಂತೆ ಕೆಳಗಿನ ಒತ್ತಡ ಸಿಡಿಯಬಹುದು. ಅದಕ್ಕೇ ಅದಿರಿನ ಅಡಿಗೆ ಒಂದು ಕಿಲೋಮೀಟರಿಗಿಂತ ಆಳದ ಬಾವಿಗಳನ್ನು ಕೊರೆದು ನೀರು, ಆವಿ ಹೊರಗೆ ಬಿಟ್ಟರು. ಆ ಆವಿಯಿಂದಲೇ 2003ರಲ್ಲಿ 6 ಮೆಗಾವಾಟ್ ವಿದ್ಯುತ್ ಮಾಡತೊಡಗಿದರು. ನಾಲ್ಕೇ ವರ್ಷದಲ್ಲಿ ಅದು 50 ಮೆಗಾವಾಟ್ ದಾಟಿತು.

ಗಣಿಯ ಅನುಕೂಲಕ್ಕೆ ಕೊರೆದ ಈ ಬಾವಿಗಳು ವಿಜ್ಞಾನಿಗಳಿಗೆ ಒದಗಿ ಬಂದವು. ಸ್ಟುವರ್ಟ್ ಸಿಮ್ಮನ್ಸ್ ಮತ್ತು ಅದೇ ಕೆವಿನ್ ಬ್ರೌನ್ ನೀರು ಮೇಲೆ ಬರುವ ತನಕ ಕಾಯಲಿಲ್ಲ. ಮುಚ್ಚಳವಿರುವ ಟೈಟಾನಿಯಂ ಪಾತ್ರೆಯನ್ನು ಬಾವಿಯೊಳಕ್ಕೆ ಇಳಿಬಿಟ್ಟು, ನೀರು ಇನ್ನೂ ಕುದಿಯದ ಆಳದಲ್ಲೇ ಅದನ್ನು ಹಿಡಿದು ಮುಚ್ಚಿ ಮೇಲೆ ತಂದರು. ಈ ಬಿಸಿ ಉಪ್ಪುನೀರು ಸಾಮಾನ್ಯ ಉಕ್ಕನ್ನು ತಿನ್ನುತ್ತದೆ. ಟೈಟಾನಿಯಂ ಅದನ್ನು ತಡೆದುಕೊಳ್ಳುತ್ತದೆ.

ಫಲಿತಾಂಶ 2006ರ ಅಕ್ಟೋಬರ್‌ನಲ್ಲಿ ಪ್ರಕಟವಾಯಿತು. ನೀರಿನ ಶಾಖ 275 ಡಿಗ್ರಿಗಿಂತ ಹೆಚ್ಚು. ಅದರಲ್ಲಿ ಚಿನ್ನ ಸುಮಾರು 15 ಪಿಪಿಬಿ.

15 ಪಿಪಿಬಿ ಎಂದರೆ ಎಷ್ಟು? ಒಂದು ಟನ್ ನೀರಿನಲ್ಲಿ 15 ಮಿಲಿಗ್ರಾಂ. ಒಂದು ಗ್ರಾಂ ಚಿನ್ನಕ್ಕೆ ಸುಮಾರು 67 ಟನ್ ನೀರು ಬೇಕು. ಬೇಸಿಗೆಯಲ್ಲಿ ಬೆಂಗಳೂರಿನ ಬೀದಿಗಳಿಗೆ ಬರುವ 12,000 ಲೀಟರ್ ಟ್ಯಾಂಕರ್‌ಗಳಲ್ಲಿ ಅಳೆದರೆ ಐದೂವರೆ ಟ್ಯಾಂಕರ್. ಅಷ್ಟಕ್ಕೂ ಒಂದೇ ಗ್ರಾಂ! ಭೂಮಿಯ ಹೊರಪದರದ ಸಾಮಾನ್ಯ ಬಂಡೆಯಲ್ಲೂ ಸರಾಸರಿ ಕೆಲವು ಪಿಪಿಬಿ ಚಿನ್ನ ಇದ್ದೇ ಇರುತ್ತದೆ. ಅದಕ್ಕೆ ಹೋಲಿಸಿದರೆ ಈ ನೀರು ಅಂಥ ಶ್ರೀಮಂತವೇನಲ್ಲ. ಇಷ್ಟು ತೆಳುವಾದ ನೀರಿನಿಂದ 1,300 ಟನ್ ಹೇಗೆ?

ಉತ್ತರ ಹರಿವಿನಲ್ಲಿದೆ. ಇಬ್ಬರೂ ಲೆಕ್ಕ ಹಾಕಿದ ಪ್ರಕಾರ ಆಳದಿಂದ ಮೇಲೆ ಬರುತ್ತಿರುವ ಚಿನ್ನ ವರ್ಷಕ್ಕೆ 24 ಕೆಜಿ. 15 ಪಿಪಿಬಿಯಿಂದ ಹಿಂದಕ್ಕೆ ಲೆಕ್ಕ ಮಾಡಿದರೆ ಸೆಕೆಂಡಿಗೆ ಸುಮಾರು 50 ಕೆಜಿ ನೀರು. ಪ್ರತಿ ಸೆಕೆಂಡಿಗೆ ಮುಕ್ಕಾಲು ಮಿಲಿಗ್ರಾಂ ಚಿನ್ನ. ದಿನಕ್ಕೆ ಸುಮಾರು 65 ಗ್ರಾಂ. ಹೀಗೇ 55,000 ವರ್ಷ ನಡೆದರೆ 1,300 ಟನ್ ದಾಟುತ್ತದೆ. ಭೂಮಿಯ ಲೆಕ್ಕದಲ್ಲಿ 55,000 ವರ್ಷ ಏನೂ ಅಲ್ಲ. ಆ ಹೊತ್ತಿಗೆ ಮನುಷ್ಯರು ನ್ಯೂಗಿನಿಯ ಕಡೆ ಕಾಲಿಡುತ್ತಿದ್ದ ಕಾಲ.

ಈ ಲೆಕ್ಕವನ್ನು ಕಣ್ಣುಮುಚ್ಚಿ ಒಪ್ಪಬೇಕಿಲ್ಲ. ಇಂದಿನ ಹರಿವು, ಇಂದಿನ ಚಿನ್ನದ ಪ್ರಮಾಣ ಆಗಲೂ ಇತ್ತು ಎಂದು ಅದು ಹಿಡಿದುಕೊಂಡಿದೆ. ಬಂದ ಚಿನ್ನವೆಲ್ಲ ಅಲ್ಲೇ ಕೂತಿತು, ಸಮುದ್ರಕ್ಕೆ ಹರಿದುಹೋಗಲಿಲ್ಲ ಎಂದೂ ಹಿಡಿದುಕೊಂಡಿದೆ. ನಿಜದಲ್ಲಿ ಹರಿವು ಕೆಲವೊಮ್ಮೆ ಜಾಸ್ತಿ, ಕೆಲವೊಮ್ಮೆ ನಿಂತೇ ಹೋಗಿರಬಹುದು. ಲೂಯಿಸ್ ಜ್ವಾಲಾಮುಖಿಯ ಬಿಸಿನೀರಿನ ಇತಿಹಾಸ 55,000 ವರ್ಷಕ್ಕಿಂತ ತುಂಬಾ ಉದ್ದ. ಹಾಗಾಗಿ ನಾನು ಈ ಸಂಖ್ಯೆಯನ್ನು ನಿಕ್ಷೇಪದ ವಯಸ್ಸು ಎಂದು ಓದುವುದಿಲ್ಲ. ಇಷ್ಟು ಸಾಧಾರಣ ನೀರಿಗೂ ಒಂದು ದೈತ್ಯ ನಿಕ್ಷೇಪ ಕಟ್ಟಲು ಲಕ್ಷಗಟ್ಟಲೆ ವರ್ಷ ಬೇಕೇಬೇಕು ಅಂತೇನಿಲ್ಲ ಎಂಬುದಕ್ಕೆ ಅಳತೆಯ ಆಧಾರ ಎಂದು ಓದುತ್ತೇನೆ. ಅದೇ ದೊಡ್ಡ ವಿಷಯ.

ಇಳಿಸುವ ಜಾಗ

ನೀರು ಚಿನ್ನ ಹೊತ್ತು ತಂದರೆ ಅರ್ಧ ಕೆಲಸವಾಯಿತು. ಅದನ್ನು ಒಂದೇ ಕಡೆ ಇಳಿಸಬೇಕು. ಟನ್‌ಗೆ 3 ಗ್ರಾಂ ಇರುವ ಅದಿರು ಆಗಬೇಕಾದರೂ 15 ಪಿಪಿಬಿಯನ್ನು 200 ಪಟ್ಟು ಹೆಚ್ಚಿಸಬೇಕು. ಚಿನ್ನ ದಾರಿಯುದ್ದಕ್ಕೂ ಅಲ್ಲಲ್ಲಿ ಚೆದುರಿ ಕೂತರೆ ಗಣಿ ಆಗುವುದಿಲ್ಲ.

ಲಿಹಿರ್‌ನಲ್ಲಿ ಈ ಜಾಗ ಸಿದ್ಧವಾದದ್ದು ಒಂದು ದುರಂತದಂಥ ಘಟನೆಯಿಂದ. ಜ್ವಾಲಾಮುಖಿಯ ಮೇಲ್ಭಾಗ ಒಂದು ಬದಿಗೆ ಜಾರಿ ಸಮುದ್ರಕ್ಕೆ ಬಿತ್ತು. ನೂರಾರು ಮೀಟರ್ ದಪ್ಪದ ಬಂಡೆ ಒಮ್ಮೆಲೇ ಇಲ್ಲವಾಯಿತು. ಅದರಡಿಯ ಬಿಸಿನೀರಿನ ಮೇಲಿದ್ದ ಒತ್ತಡ ಹಠಾತ್ತನೆ ಕುಸಿದಿರಬೇಕು. ಒಹಾಕಿಯ ತಟ್ಟೆ ದಾಟಿದ ನೀರಿಗೆ ಆದದ್ದೇ ಇಲ್ಲಿ ಇಡೀ ಬೆಟ್ಟದ ಪ್ರಮಾಣದಲ್ಲಿ ನಡೆಯಿತು ಎನ್ನುವುದು ಭೂವಿಜ್ಞಾನಿಗಳ ವಿವರಣೆ. ರಿಚರ್ಡ್ ಸಿಲಿಟೊ 1994ರಲ್ಲೇ ಇಂಥ ಕುಸಿತಗಳಿಗೂ ಚಿನ್ನದ ನಿಕ್ಷೇಪಗಳಿಗೂ ಇರುವ ನಂಟನ್ನು ಎತ್ತಿ ತೋರಿಸಿದ್ದರು. ಆಳದಲ್ಲಿ ಹುಟ್ಟಬೇಕಾದ ಖನಿಜಗಳು ಮತ್ತು ಮೇಲ್ಮೈ ಹತ್ತಿರ ಹುಟ್ಟುವ ಖನಿಜಗಳು ಲಡೊಲಾಮ್‌ನಲ್ಲಿ ಒಂದೇ ಬಂಡೆಯಲ್ಲಿ ಒಂದರ ಮೇಲೊಂದು ಬಿದ್ದಿರುವುದು ಇದಕ್ಕೆ ಸಾಕ್ಷಿ. ಬೆಟ್ಟ ತೆಳುವಾದಾಗ, ಮೊದಲು ಆಳದಲ್ಲಿದ್ದ ಬಂಡೆಯೇ ಮೇಲ್ಮೈಗೆ ಹತ್ತಿರವಾಯಿತು.

ಇನ್ನೊಂದು ವಿಷಯವೂ ಇದೆ. ಲಡೊಲಾಮ್ ಅದಿರನ್ನು ಕೈಯಲ್ಲಿ ಹಿಡಿದರೆ ಚಿನ್ನ ಕಾಣುವುದಿಲ್ಲ. ಬೂದು ಕಲ್ಲಿನಲ್ಲಿ ಸಣ್ಣ ಸಣ್ಣ ಪೈರೈಟ್ ಕಣಗಳು ಕಾಣುತ್ತವೆ, ಅಷ್ಟೇ. ಚಿನ್ನ ಆ ಪೈರೈಟ್‌ನ ಒಳಗೇ ಸೇರಿಕೊಂಡಿದೆ. ಬಂಡೆಯಲ್ಲಿದ್ದ ಕಬ್ಬಿಣ ನೀರಿನ ಗಂಧಕವನ್ನು ಹೀರಿಕೊಂಡು ಪೈರೈಟ್ ಆಗುತ್ತದೆ. ಆಗಲೂ ಚಿನ್ನಕ್ಕೆ ಜೊತೆಗಾರ ತಪ್ಪಿಹೋಗುತ್ತಾನೆ. ಬೆಳೆಯುತ್ತಿರುವ ಪೈರೈಟ್‌ನಲ್ಲಿ ಆರ್ಸೆನಿಕ್ ಸೇರಿದ್ದರೆ ಚಿನ್ನ ಅದರಲ್ಲಿ ಸುಲಭವಾಗಿ ಸಿಕ್ಕಿಬೀಳುತ್ತದೆ. ಇಂಥ ಅದಿರಿಗೆ ನೇರವಾಗಿ ಸೈನೈಡ್ ಹಾಕಿದರೆ ಪ್ರಯೋಜನವಿಲ್ಲ. ಮೊದಲು ದೊಡ್ಡ ಉಕ್ಕಿನ ಪಾತ್ರೆಗಳಲ್ಲಿ ಹೆಚ್ಚಿನ ಶಾಖ, ಒತ್ತಡದಲ್ಲಿ ಆಮ್ಲಜನಕ ಹಾಯಿಸಿ ಪೈರೈಟನ್ನು ಒಡೆಯಬೇಕು. ನೀರಿನಲ್ಲಿ ಚಿನ್ನ ಬಂದ ರೀತಿಯೇ ಈಗ ಗಣಿಯವರ ಖರ್ಚನ್ನು ನಿರ್ಧರಿಸುತ್ತಿದೆ.

ಇಳಿಸುವ ಜಾಗ ಎಷ್ಟು ಮುಖ್ಯ ಎಂದು ತೋರಿಸಿದ್ದು ಮುಂದಿನ ಕೆಲಸ. ಸಿಮ್ಮನ್ಸ್ ಮತ್ತು ಬ್ರೌನ್ 2007ರಲ್ಲಿ ನ್ಯೂಜಿಲೆಂಡ್‌ನ ಟಾಪೊ ಜ್ವಾಲಾಮುಖಿ ವಲಯದ ಬಾವಿಗಳ ಫಲಿತಾಂಶ ಪ್ರಕಟಿಸಿದರು. ಅಲ್ಲೂ ನೀರನ್ನು ಆಳದಲ್ಲೇ ಹಿಡಿದಿದ್ದರು. ಬಾವಿಯಿಂದ ಬಾವಿಗೆ ವ್ಯತ್ಯಾಸ ಬಹಳ. ಕೆಲವು ಕಡೆ ಒಂದು ಪಿಪಿಬಿಗಿಂತ ಎಷ್ಟೋ ಕಡಿಮೆ, ಕೆಲವು ಕಡೆ 20 ಪಿಪಿಬಿ ಆಸುಪಾಸು. ಅಂದರೆ ಲಿಹಿರ್‌ಗೆ ಸಮ. ಹಾಗಿದ್ದೂ ಆ ಬಾವಿಗಳ ಸುತ್ತ ಲಡೊಲಾಮ್‌ನಂಥ ನಿಕ್ಷೇಪ ಸಿಕ್ಕಿಲ್ಲ. ನೀರಿನಲ್ಲಿ ಚಿನ್ನವಿದೆ, ಹರಿವೂ ಇದೆ, ಆದರೆ ಇಳಿಯುವ ಜಾಗ ಅಷ್ಟು ಚೆನ್ನಾಗಿ ಒದಗಿಲ್ಲ ಎಂದು ಇದನ್ನು ಓದುವುದೇ ಸರಿ ಎನಿಸುತ್ತದೆ. ಚಿನ್ನ ಹುಡುಕುವವರು ಚಿನ್ನ ತುಂಬಿದ ನೀರಿಗಿಂತ ಮೊದಲು ಕುದಿದ ಗುರುತುಗಳನ್ನು, ಒತ್ತಡ ಬಿದ್ದ ಜಾಗಗಳನ್ನು ಹುಡುಕಬೇಕು ಎಂದು ನಾನು ಹೇಳುವುದು ಇದಕ್ಕಾಗಿ.

ಕೋಲಾರಕ್ಕೆ ಎಷ್ಟು ಅನ್ವಯ?

ಲಿಹಿರ್‌ನ ಲೆಕ್ಕವನ್ನು ಎತ್ತಿ ಕೋಲಾರಕ್ಕೆ ಅಂಟಿಸುವುದು ತಪ್ಪಾಗುತ್ತದೆ. ಕೋಲಾರದಲ್ಲಿ ಜ್ವಾಲಾಮುಖಿಯ ಬಾಯಿ ಹತ್ತಿರದ ಬಿಸಿನೀರು ಅಲ್ಲ. ಚಾಂಪಿಯನ್ ರೀಫ್‌ನ ಬೆಣಚುಕಲ್ಲಿನ ಪಟ್ಟಿಗಳು ಹುಟ್ಟಿದ್ದು ಬೆಟ್ಟಗಳು ಮಡಚಿಕೊಳ್ಳುತ್ತಿದ್ದಾಗ, ಕಿಲೋಮೀಟರ್‌ಗಟ್ಟಲೆ ಆಳದಲ್ಲಿ. ಗಣಿಯವರು ಆ ಪಟ್ಟಿಯ ಜಾಡು ಹಿಡಿದು 3 ಕಿಲೋಮೀಟರಿಗಿಂತ ಕೆಳಗೆ ಹೋದರೂ ಅದು ಮುಗಿದಿರಲಿಲ್ಲ. ಕುದಿಯುವ ನೀರಿನಿಂದ ಹುಟ್ಟುವ ನಿಕ್ಷೇಪಗಳು ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಈ ಬಗೆಯ ನಿಕ್ಷೇಪಗಳ ನೀರಿನಲ್ಲಿ ಉಪ್ಪು ಕಡಿಮೆ, ಇಂಗಾಲದ ಡೈಆಕ್ಸೈಡ್ ಜಾಸ್ತಿ. ಚಿನ್ನ ಹೊತ್ತದ್ದು ಮಾತ್ರ ಇಲ್ಲೂ ಬಹುಪಾಲು ಗಂಧಕವೇ. ಒತ್ತಡ ಬೀಳುವುದೂ ಇದೆ. ಆದರೆ ಇಲ್ಲಿ ಅದನ್ನು ಮಾಡುವುದು ಬೆಟ್ಟದ ಕುಸಿತ ಅಲ್ಲ, ಭೂಕಂಪ. ಬಂಡೆ ಸೀಳಿದಾಗ ನೀರು ಬಿರುಕಿಗೆ ನುಗ್ಗುತ್ತದೆ, ಒತ್ತಡ ಇಳಿಯುತ್ತದೆ, ಬೆಣಚು ಕಟ್ಟಿಕೊಂಡು ಬಿರುಕು ಮುಚ್ಚುತ್ತದೆ, ಮತ್ತೆ ಒತ್ತಡ ಏರಿ ಮತ್ತೆ ಸೀಳುತ್ತದೆ. ರಿಚರ್ಡ್ ಸಿಬ್ಸನ್ ಮತ್ತು ಸಂಗಡಿಗರು 1988ರಲ್ಲಿ ಈ ಚಕ್ರವನ್ನು ವಿವರಿಸಿದ್ದರು. ಬೆಣಚುಕಲ್ಲಿನ ಪಟ್ಟಿಯಲ್ಲಿ ಪದರದ ಮೇಲೆ ಪದರ ಕಾಣುವುದು ಹಾಗಾಗಿ.

ಕೋಲಾರದ ನೀರಿನಲ್ಲಿ ಇಂದು ನಮ್ಮ ಕೈಗೆ ಸಿಗುವುದು ಬೆಣಚಿನೊಳಗೆ ಸಿಕ್ಕಿಕೊಂಡ ಹನಿಗಳು ಮಾತ್ರ. ಅವು ಕೂದಲಿಗಿಂತ ಸಣ್ಣವು. ಕಲ್ಲನ್ನು ಗಾಜಿನಷ್ಟು ತೆಳುವಾಗಿ ಉಜ್ಜಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ತಣ್ಣಗೆ ಮಾಡುತ್ತಾರೆ. ಹನಿ ಹೆಪ್ಪುಗಟ್ಟುತ್ತದೆ. ನಂತರ ನಿಧಾನ ಬಿಸಿ ಮಾಡಿ, ಕೊನೆಯ ಮಂಜುಗಡ್ಡೆಯ ಚೂರು ಯಾವ ಶಾಖದಲ್ಲಿ ಕರಗಿತು ಎಂದು ನೋಡುತ್ತಾರೆ. ಹನಿಯಲ್ಲಿ ಬರೀ ಉಪ್ಪುನೀರಿದ್ದು ಅದು ಸೊನ್ನೆಗಿಂತ 2 ಡಿಗ್ರಿ ಕೆಳಗೆ ಕರಗಿದರೆ ಉಪ್ಪು ಸುಮಾರು ಶೇಕಡಾ 3.4. ಇಂಗಾಲದ ಡೈಆಕ್ಸೈಡ್ ಇರುವ ಹನಿಗಳಿಗೆ ಲೆಕ್ಕ ಸ್ವಲ್ಪ ಬೇರೆ. ಹೀಗೆ ನೀರಿನ ಉಪ್ಪು, ಅನಿಲ, ಶಾಖ ಮೂರನ್ನೂ ತಿಳಿಯಬಹುದು. ಲೇಸರ್ ಹಾಯಿಸಿದರೆ ಅದರಲ್ಲಿದ್ದ ಲೋಹಗಳನ್ನೂ ಅಳೆಯಬಹುದು. ಸೆಕೆಂಡಿಗೆ ಎಷ್ಟು ನೀರು ಹರಿಯುತ್ತಿತ್ತು ಎನ್ನುವುದನ್ನು ಮಾತ್ರ ಹನಿ ಹೇಳುವುದಿಲ್ಲ. ಅದನ್ನು ನೇರವಾಗಿ ಅಳೆಯಬೇಕಾದರೆ ನೀರು ಇನ್ನೂ ಹರಿಯುತ್ತಿರುವ ಲಿಹಿರ್‌ನಂಥ ಜಾಗವೇ ಬೇಕು.